ಭಾನುವಾರದ ಮೈಲಿಗೆ

ನನ್ನನ್ನು ನರ್ಸ್ ಓದಿಗೆ ಕಳಿಸಬೇಕು ಅಂತ ಈ ಲೋಕದಲ್ಲಿ ಮೊದಲು ಹೊಳೆದದ್ದು ನನ್ನ ಅತ್ತೆಗೆ. ಅದೂ ನಾನು ಹೆತ್ತು ಮಲಗಿದ್ದಾಗ, ಮೈಮೇಲಿನ ಬೆವರು ಇನ್ನೂ ಆರಿರಲಿಲ್ಲ. ಚೊಚ್ಚಲ ಹೆರಿಗೆ ಕಷ್ಟಕ್ಕಿಟ್ಟುಕೊಂಡು, ಊರಿನ ಹೆಂಗಸರು ಕೈಚೆಲ್ಲಿದ ಮೇಲೆ ನಂಗವಳ್ಳಿ ಕಡೆಯಿಂದ ಸರ್ಕಾರಿ ನರ್ಸಮ್ಮನನ್ನು ಕರೆಸಿದ್ದರು. ಅವಳು ಬಂದು ನನ್ನನ್ನೂ ಮಗಳನ್ನೂ ಉಳಿಸಿಕೊಟ್ಟಳು. ಅವಳ ಕೈಗೆ ಬಿಸಿನೀರು ಹುಯ್ಯುತ್ತಾ ನಿಂತಿದ್ದ ಅತ್ತೆ, ಕೂಸು ಗಂಡೋ ಹೆಣ್ಣೋ ಅಂತ ಕೇಳುವ ಬದಲು, "ಇದುಕ್ಕೆ ಏಸು ಓದ್ಬೇಕಮ್ಮಾ?" ಎಂದಳು. "ಎಸ್ಸೆಲ್ಸಿ ಪೋದುಂ," ಅಷ್ಟು ಸಾಕು ಎಂದಳು ನರ್ಸಮ್ಮ ತಮಿಳಿನಲ್ಲಿ. ಅತ್ತೆ ತಿರುಗಿ ನನ್ನನ್ನು ನೋಡಿದಳು. ಸಂತೆಯಲ್ಲಿ ಕುರಿಯ ಹಲ್ಲು ನೋಡುವವರು ಹಾಗೆ ನೋಡುತ್ತಾರೆ. ಆ ಬೀದಿಯಲ್ಲಿ ಎಸ್ಸೆಲ್ಸಿ ಮುಗಿಸಿದ ಹೆಂಗಸು ನಾನೊಬ್ಬಳೇ.

ನಮ್ಮ ಮನೆಯಲ್ಲಿ ಅತ್ತೆಗೆ ಬಹುವಚನ ಹಚ್ಚುವ ರೂಢಿಯಿರಲಿಲ್ಲ. ಮರ್ಯಾದೆಯೆಲ್ಲ ದನಿಯಲ್ಲಿ ಇರುತ್ತಿತ್ತು. ಹಾಗಾಗಿ ಇಲ್ಲೂ 'ಅವಳು' ಎಂದೇ ಬರೆಯುತ್ತೇನೆ, ಯಾರೂ ತಪ್ಪು ತಿಳಿಯಬಾರದು.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮೆಟ್ಟೂರಿನಿಂದ ನಂಗವಳ್ಳಿಗೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು, ಕಡಲೆಕಾಯಿ ಹೊಲಗಳ ಬದುವಿನ ಮೇಲೆ ಒಳಕ್ಕೆ ನಡೆದರೆ ನನ್ನ ಗಂಡನ ಊರು. ಅಲ್ಲಿ ಒಂದು ಬೀದಿ ಪೂರ್ತಿ ಕುರಿ ಸಾಕುವ ಕನ್ನಡದವರು. ನನ್ನ ತವರು ಧರ್ಮಪುರಿ ಜಿಲ್ಲೆಯ ಪೆನ್ನಾಗರದ ಕಡೆ. ಅಲ್ಲೂ ಇದೇ ಮಾತು, ಇದೇ ಕುರಿ, ಇದೇ ರಾಗಿಮುದ್ದೆ. ಶಾಲೆ ಮಾತ್ರ ತಮಿಳು. ಕನ್ನಡದ ಅಕ್ಷರ ನಾನು ಕಲಿತದ್ದು ಎಷ್ಟೋ ಆಮೇಲೆ, ಕೆಲಸದ ಮೇಲೆ ಹೊಸೂರಿನ ಕಡೆ ಇದ್ದಾಗ.

ಮನೆಯಲ್ಲಿ ಗಂಡಸರು ಇರುತ್ತಿದ್ದದ್ದು ಕಮ್ಮಿ. ಮಾವ, ಬಾವ, ನನ್ನ ಗಂಡ ಮೂವರೂ ಕುರಿಮಂದೆಯ ಹಿಂದೆ ಹೋಗಿಬಿಡುತ್ತಿದ್ದರು. ಕೊಯ್ಲಾದ ಹೊಲಗಳಲ್ಲಿ ಮಂದೆ ತಂಗಿಸಿ ಗೊಬ್ಬರ ಮಾಡಿಕೊಡುವುದು ಅವರ ಕಸುಬು. ಹೊಲದಿಂದ ಹೊಲಕ್ಕೆ ಹೋಗುತ್ತಾ ಎಂದೋ ಒಮ್ಮೆ ಮನೆ ಕಡೆ ತಿರುಗುತ್ತಿದ್ದರು. ಉಳಿದವರು ಅತ್ತೆ, ಬಾವನ ಹೆಂಡತಿ, ನಾನು. ಬಾವನ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಗಟ್ಟಿ ಹೆಂಗಸು, ಗಟ್ಟಿ ಬಾಯಿ. ಮನೆಯ ಅರ್ಧ ಕೆಲಸ ಅವಳದು, ಅರ್ಧ ನನ್ನದು. ನನ್ನನ್ನು ಸೇಲಂಗೆ ಕಳಿಸುವುದೆಂದರೆ ನನ್ನ ಅರ್ಧವನ್ನೂ ಅವಳ ತಲೆ ಮೇಲೆ ಹೊರಿಸುವುದು. ಅದು ಎಲ್ಲರಿಗೂ ಗೊತ್ತಿತ್ತು, ಅವಳಿಗೆ ಎಲ್ಲರಿಗಿಂತ ಹೆಚ್ಚು ಗೊತ್ತಿತ್ತು.

ಮಗಳು ಹಾಲು ಬಿಟ್ಟ ಮೇಲೆ, ಅವಳನ್ನು ಅತ್ತೆಯ ಸೊಂಟಕ್ಕೆ ಏರಿಸಿ ನಾನು ಸೇಲಂ ಬಸ್ ಹತ್ತಿದೆ. ಅಳಲಿಲ್ಲ ಅಂತ ಹೇಳಿದರೆ ಸುಳ್ಳಾದೀತು. ಕಂಡಕ್ಟರು ಯಾರಾದರೂ ತೀರಿಕೊಂಡರಾ ಅಂತ ಕೇಳುವಷ್ಟು ಅತ್ತಿದ್ದೆ.

ಸೇಲಂ ನನಗೆ ಮೊದಲು ಪರಿಚಯವಾದದ್ದು ಮೂಗಿನಿಂದ. ಊರು ಇನ್ನೂ ದೂರವಿರುವಾಗಲೇ ಸಬ್ಬಕ್ಕಿ ಮಾಡುವ ಜವ್ವರಿಸಿ ಮಿಲ್ಲುಗಳ ಹುಳಿ ನಾತ ಬಸ್ಸಿನೊಳಕ್ಕೆ ಬರುತ್ತಿತ್ತು, ಹಿಂಡಿದ ಮರಗೆಣಸಿನ ನೀರಿನದು. ಅದು ದಾಟಿದರೆ ಆಸ್ಪತ್ರೆಯ ಫಿನಾಯಿಲ್ ವಾಸನೆ. ಬೆಳಿಗ್ಗೆ ವಾರ್ಡಿನ ಕೆಲಸ, ಮಧ್ಯಾಹ್ನ ಪಾಠ, ಮತ್ತೆ ವಾರ್ಡು. ಪಾಠ ಅರ್ಧ ತಮಿಳಲ್ಲಿ, ಅರ್ಧ ಇಂಗ್ಲಿಷಲ್ಲಿ. ಎರಡರ ನಡುವೆ ನಾನು ಎರಡು ದೋಣಿಯಲ್ಲಿ ಕಾಲಿಟ್ಟವಳು. ಹಾಸ್ಟೆಲಿನಲ್ಲಿ ಬೇರೆ ಹುಡುಗಿಯರೆಲ್ಲ ಮದುವೆಯಾಗದವರು, ಮಗಳಿರುವವಳು ನಾನೊಬ್ಬಳೇ. ಅವರು ಶನಿವಾರ ಬಂತೆಂದರೆ ಪೇಟೆ ಬೀದಿಗೆ ಹೋಗಿ ಬೆಳ್ಳಿ ಕಾಲುಚೈನು ನೋಡಿಕೊಂಡು, ಹೂವು ಮುಡಿದು ಬರುತ್ತಿದ್ದರು. ನಾನು ಮಧ್ಯಾಹ್ನ ಬಿಟ್ಟ ಕೂಡಲೇ ಬಿಳಿ ಸೀರೆ ಬದಲಿಸಿ ಮೆಟ್ಟೂರು ಬಸ್ಸಿಗೆ ಓಡುತ್ತಿದ್ದೆ.

ಮನೆ ತಲುಪಿದ ಮೇಲೆ ಸುಖವಿತ್ತೇ? ಮಗಳು ಮೊದಲು ಅತ್ತೆಯ ಸೆರಗಿನ ಹಿಂದೆ ನಿಂತು ನನ್ನನ್ನು ಅಳತೆ ಮಾಡುತ್ತಿದ್ದಳು. ಆಮೇಲೆ ಬಂದು ಅಂಟಿಕೊಂಡರೆ ಬಿಡುತ್ತಿರಲಿಲ್ಲ. ಅವಳನ್ನು ಸೊಂಟದಲ್ಲಿಟ್ಟುಕೊಂಡೇ ಬಾವಿಯಿಂದ ನೀರು ತರುವುದು, ರಾಗಿ ಬೀಸುವುದು, ಕುರಿದೊಡ್ಡಿ ಗುಡಿಸುವುದು, ವಾರದ ಬಟ್ಟೆ ಒಗೆಯುವುದು. ಅಕ್ಕ ಬಾಗಿಲಲ್ಲೇ ಬಿಂದಿಗೆ ಇಟ್ಟುಕೊಂಡು ಕಾಯುತ್ತಿದ್ದಳು. "ವಾರೆಲ್ಲಾ ಫ್ಯಾನ್ ಕೆಳಗ್ ಕುಂತಿರೋಳ್ಗೆ ಒಂದ್ ದಿನ ಬೀಸಕ್ಕೇನ್ ನೋವು?" ಎನ್ನುತ್ತಿದ್ದಳು. ಮಾತು ಖಾರ, ಆದರೆ ನ್ಯಾಯ ಅವಳ ಕಡೆಗೇ ಇತ್ತು. ವಾರವಿಡೀ ಇಬ್ಬರ ಕೆಲಸ ಅವಳೊಬ್ಬಳೇ ಮಾಡಿದ್ದಳು. ಅದಕ್ಕೇ ನಾನು ಬಾಯಿ ಮುಚ್ಚಿಕೊಂಡು ಬೀಸುತ್ತಿದ್ದೆ. ಬಾಯಿ ಮುಚ್ಚಿಕೊಂಡಿರುವುದು ನನ್ನ ಸ್ವಭಾವವಲ್ಲ ಎಂಬುದನ್ನೂ ಸೇರಿಸಬೇಕು.

ಸೋಮವಾರ ಕ್ಲಾಸಿನಲ್ಲಿ ಕಣ್ಣು ತೆರೆದೇ ನಿದ್ದೆ ಹೋಗುವುದನ್ನು ಕಲಿತೆ. ಪಾಠ ಹೇಳುತ್ತಿದ್ದ ಸಿಸ್ಟರು ಅದನ್ನೂ ಕಂಡುಹಿಡಿದರು. "ಎನ್ನಮ್ಮಾ, ವೀಟ್ಟುಲೆ ತೂಂಗಲಿಯಾ?" ಮನೆಯಲ್ಲಿ ನಿದ್ದೆಯಿಲ್ಲವಾ ಅಂತ ಕೇಳಿದರು. ಮೊದಮೊದಲು ನಗುತ್ತಾ ಕೇಳುತ್ತಿದ್ದವರು ಕಿರುಪರೀಕ್ಷೆಯ ಉತ್ತರ ನೋಡಿದ ಮೇಲೆ ನಗುವುದು ಬಿಟ್ಟರು. ನನ್ನನ್ನು ಕೋಣೆಗೆ ಕರೆಸಿ ಹೇಳಿದರು: ವರ್ಷದ ಪರೀಕ್ಷೆಯಲ್ಲಿ ಹೀಗೇ ಆದರೆ ಪೆಟ್ಟಿಗೆ ಕಟ್ಟಿಕೊಂಡು ಮನೆಗೆ ಹೋಗಬೇಕು, ನಿನ್ನ ಜಾಗಕ್ಕೆ ಕಾಯುತ್ತಿರುವವರು ಇದ್ದಾರೆ. ಹೇಳಿದ್ದು ಸಿಟ್ಟಿನಿಂದಲ್ಲ, ಮರುಕದಿಂದ. ಅದೇ ಹೆಚ್ಚು ಹೆದರಿಸಿತು.

ಮನೆಯಲ್ಲಿ ಇದನ್ನು ಹೇಳಿದ್ದು ಅತ್ತೆಗೆ ಮಾತ್ರ. ಅದೂ ಹೇಳಬೇಕೆಂದು ಹೇಳಿದ್ದಲ್ಲ. ಆ ಭಾನುವಾರ ರಾಗಿ ಬೀಸುತ್ತಾ ಕೂತಲ್ಲೇ ಬೀಸುಕಲ್ಲಿನ ಗೂಟಕ್ಕೆ ಹಣೆ ಬಡಿದುಕೊಂಡು ಮಲಗಿಬಿಟ್ಟಿದ್ದೆ. ಅತ್ತೆ ಬಂದು ಎಬ್ಬಿಸಿ, ಹಣೆಗೆ ಅರಿಶಿನ ಹಚ್ಚುತ್ತಾ, "ಏನ್ ಮಗಾ, ಇಂಗ್ ಸೊರಗೋಗಿದ್ದೀಯಾ?" ಎಂದಾಗ ತಡೆಯಲಾಗಲಿಲ್ಲ. ಫೇಲಾದರೆ ವಾಪಸ್ ಕಳಿಸುತ್ತಾರೆ ಅಂದೆ. ಮಾತು ಬದಲಿಸಲು, ಆ ವಾರದಿಂದ ಹೆರಿಗೆ ವಾರ್ಡಿಗೆ ಹಾಕಿದ್ದಾರೆ, ಮೊದಲ ಸಲ ಹುಟ್ಟಿದ ಕೂಸನ್ನು ನಾನೇ ಕೈಗೆ ತಗೊಂಡೆ ಅಂತಲೂ ಹೇಳಿದೆ. ಅತ್ತೆ ಹ್ಞೂಂ ಎಂದಳು.

ಮುಂದಿನ ಶನಿವಾರ ನಾನು ಬರುವಾಗ ಅತ್ತೆ ಬೀದಿಯಲ್ಲೇ ನಿಂತಿದ್ದಳು. ನನ್ನನ್ನು ಕಂಡವಳೇ ಎರಡೂ ಕೈ ಅಡ್ಡ ಚಾಚಿದಳು.

"ನಿಂತ್ಕ ಅಲ್ಲೇ. ಪುರುಡು ಮುಟ್ಟಿ ಬಂದಿದ್ದೀಯ. ಅಟ್ಟಿ ಒಳಿಕ್ಕೆ ಬರಂಗಿಲ್ಲ."

ಹೆರಿಗೆಯ ಮೈಲಿಗೆಗೆ ನಮ್ಮಲ್ಲಿ ಪುರುಡು ಎನ್ನುತ್ತಾರೆ. ಅತ್ತೆ ತಮಿಳಿನ 'ತೀಟ್ಟು' ಎಂಬ ಮಾತನ್ನೂ ಜೊತೆಗೆ ಸೇರಿಸಿದಳು, ಒಂದು ಭಾಷೆಯ ಮೈಲಿಗೆ ಸಾಲದು ಎಂಬಂತೆ. ಬೀದಿಯವರಿಗೆಲ್ಲ ಕೇಳುವ ಹಾಗೆ ಹೇಳಿದಳು: ಹೆರಿಗೆ ಮುಟ್ಟಿದ ಕೈ ವಾರ ಕಳೆಯುವ ತನಕ ನೀರಿನ ಬಿಂದಿಗೆ ಮುಟ್ಟಬಾರದು, ಒಲೆ ಮುಟ್ಟಬಾರದು, ಬೀಸುಕಲ್ಲು, ಒನಕೆ, ಕಾಳಿನ ಗುಡಾಣ ಯಾವುದನ್ನೂ ಮುಟ್ಟಬಾರದು. ಕುರಿದೊಡ್ಡಿಯ ಕಡೆಯಂತೂ ನೆರಳೂ ಬೀಳಬಾರದು. "ಮುಟ್ಟಿದ್ರೆ ಸಾಮಿ ಕುತ್ತಂ ಆಯ್ತದೆ, ದೇವ್ರು ಮುನೀತಾನೆ. ಮಂದೆಗೆ ರೋಗ ಬಂದ್ರೆ ಯಾರು ಜವಾಬು?"

ವಾರ ಕಳೆಯುವುದರೊಳಗೆ ನಾನು ಇನ್ನೆಷ್ಟು ಹೆರಿಗೆ ಮುಟ್ಟಿರುತ್ತೇನೆ! ಲೆಕ್ಕ ಹಾಕಿದರೆ ನನ್ನ ಮೈಲಿಗೆ ಮುಗಿಯುವ ದಾರಿಯೇ ಇರಲಿಲ್ಲ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ನನ್ನ ಎರಿಗೆಗೆ ಬಂದ್ಲಲ್ಲ ನರ್ಸಮ್ಮ, ಅವಳ್ನ ಒಳಿಕ್ ಕುಂಡ್ರಿಸಿ ಮುದ್ದೆ ಇಕ್ಕಿದ್ಯಲ್ಲ ಅತ್ತೆ, ಅವಳ್ಗಿಲ್ದ ತೀಟ್ಟು ನಂಗ್ಯಾಕೆ?" ಎಂದು ಜಗಳಕ್ಕೆ ನಿಂತೆ.

"ಅವಳ್ ದೇವ್ರು ಬ್ಯಾರೆ, ನಮ್ ದೇವ್ರು ಬ್ಯಾರೆ," ಎಂದಳು ಅತ್ತೆ, ಕಣ್ಣು ಕೂಡ ಮಿಟುಕಿಸದೆ.

ಅಕ್ಕ ಬಾಗಿಲಲ್ಲಿ ಬಿಂದಿಗೆ ಹಿಡಿದುಕೊಂಡು ನಿಂತಿದ್ದಳು. ಅವಳ ಮುಖ ಗಡಿಗೆಯಂತೆ ಊದಿತು. ಆದರೆ ದೇವರ ಮಾತಿಗೆ, ಅದರಲ್ಲೂ ಮಂದೆಯ ಮಾತಿಗೆ ಎದುರಾಡುವವರು ಯಾರು? ಅವಳು ಬಿಂದಿಗೆ ಎತ್ತಿಕೊಂಡು ಬಾವಿಯ ಕಡೆ ನಡೆದಳು.

ಹಿತ್ತಲ ತಡಿಕೆಯ ಹಿಂದೆ ನನಗೆ ಬಿಸಿನೀರು ಕಾದಿತ್ತು. ಅರಿಶಿನ, ಬೇವಿನ ಸೊಪ್ಪು ಹಾಕಿ ಅತ್ತೆಯೇ ತಲೆಗೆ ಹುಯ್ದಳು. ಬೇರೆ ಇಟ್ಟಿದ್ದ ಸೀರೆ ಕೊಟ್ಟಳು. ಆಮೇಲೆ ಮನೆ ಮುಂದಿನ ಬೇವಿನ ಮರದ ಕೆಳಗೆ ಒಂದು ಕರಿಯ ಕಂಬಳಿ ಹಾಸಿ, "ಕುಂತ್ಕ. ಕಂಬಳಿಗೆ ಮೈಲಿಗೆ ಇಲ್ಲ," ಎಂದಳು. ನಮ್ಮ ಕುರಿಯ ಉಣ್ಣೆ, ಅವಳೇ ನೂತ ನೂಲು. ಮಳೆ ಬಂದರೆ ಜಗುಲಿ, ಇಲ್ಲದಿದ್ದರೆ ಮರ. ಆ ಕಂಬಳಿಯೇ ನನ್ನ ಮನೆ ಅಂತ ತೀರ್ಮಾನವಾಯಿತು.

ನನ್ನ ಮನೆಯಲ್ಲಿ ನಾನೇ ಹೊರಗಿನವಳಾದೆ ಎಂದು ಮುಖ ತಿರುಗಿಸಿಕೊಂಡು ಕೂತೆ. ಕೂತವಳು ಮಲಗಿದೆ. ಮಲಗಿದವಳು ಎದ್ದಾಗ ಹೊತ್ತು ಇಳಿದಿತ್ತು, ಮಗಳು ನನ್ನ ತೋಳಿನ ಮೇಲೆ ತಲೆಯಿಟ್ಟು ಬೆರಳು ಚೀಪುತ್ತಿದ್ದಳು. "ಕೂಸಿಗೆ ಎಂತಾ ತೀಟ್ಟು?" ಎಂದು ಅತ್ತೆಯೇ ತಂದು ಬಿಟ್ಟಿದ್ದಳಂತೆ. ಮಗಳಿಗೆ ಆ ವ್ಯವಸ್ಥೆ ಬಹಳ ಹಿಡಿಸಿತು. ಎದ್ದುಹೋಗದ ಅಮ್ಮ, ಕೈಯಲ್ಲಿ ಬಿಂದಿಗೆಯಿಲ್ಲದ ಅಮ್ಮ ಅವಳಿಗೆ ಮೊದಲ ಸಲ ಸಿಕ್ಕಿದ್ದಳು.

ಮುಂದಿನ ವಾರದಿಂದ ಪುಸ್ತಕ ತರತೊಡಗಿದೆ. ಪ್ರೀತಿಯಿಂದಲ್ಲ, ಕೋಪದಿಂದ. ನನಗೇನೂ ಮುಟ್ಟಲು ಬಿಡುವುದಿಲ್ಲವಲ್ಲ, ಪುಸ್ತಕವನ್ನಾದರೂ ಮುಟ್ಟುತ್ತೇನೆ ಅಂತ. ಅತ್ತೆ ತುಸು ದೂರದಲ್ಲಿ ಕೂತು ಉಣ್ಣೆ ನೂಲುತ್ತಿದ್ದಳು. ಒಂದು ಭಾನುವಾರ ಪುಸ್ತಕದಲ್ಲಿದ್ದ ಚಿತ್ರ ಅವಳ ಕಣ್ಣಿಗೆ ಬಿತ್ತು. ಹೊಟ್ಟೆಯೊಳಗೆ ತಲೆ ಕೆಳಗಾಗಿ ಮಡಿಸಿಕೊಂಡಿರುವ ಕೂಸು.

"ಇದೇನ್ ಮಗಾ ಇದು? ಇಂಗಾ ಇರ್ತದೆ ಒಳಗೆ?"

ಹೇಳಿದೆ. ಅವಳಿಗೆ ತಮಿಳು ಸಂತೆಗೆ ಬೇಕಾದಷ್ಟು ಬರುತ್ತಿತ್ತು, ಪುಸ್ತಕದ ತಮಿಳು ಬರುತ್ತಿರಲಿಲ್ಲ. ಇಂಗ್ಲಿಷ್ ಕೇಳಲೇಬೇಡಿ. ಹಾಗಾಗಿ ಎಲ್ಲವನ್ನೂ ನಮ್ಮ ಮನೆಮಾತಿಗೆ ತರಬೇಕಾಯಿತು. ಮಾಸು ಎಂದರೆ ಅವಳಿಗೆ ಗೊತ್ತು, ಹೊಕ್ಕುಳಬಳ್ಳಿ ಗೊತ್ತು, ನಂಜಾಗುವುದು ಗೊತ್ತು. ಆ ಮಾತುಗಳಲ್ಲಿ ಹೇಳುತ್ತಾ ಹೋದ ಹಾಗೆ, ಎರಡು ಭಾಷೆಯಲ್ಲಿ ನನಗೆ ಹತ್ತದೆ ಜಾರಿಹೋಗುತ್ತಿದ್ದ ಪಾಠ ಮೂರನೆಯದರಲ್ಲಿ ಗಟ್ಟಿಯಾಗಿ ಕೂತಿತು. ಅತ್ತೆ ಸುಮ್ಮನೆ ಕೇಳುವವಳಲ್ಲ. "ಕೂಸು ಅಡ್ಡ ನಿಂತ್ರೆ?" "ಮಾಸು ಬೀಳ್ದಿದ್ರೆ?" "ರಕ್ತ ನಿಲ್ದಿದ್ರೆ ಮೊದ್ಲು ಏನ್ ಮಾಡ್ತೀಯ, ಬಾಯ್ ಬಡ್ಕಂತೀಯಾ?" ಕಳೆದ ವಾರ ಕೇಳಿದ್ದನ್ನೇ ಈ ವಾರ ಕೇಳುವಳು. ನಾನು ಬೇರೆ ಉತ್ತರ ಕೊಟ್ಟರೆ ನೂಲುವುದನ್ನು ನಿಲ್ಲಿಸಿ, "ಓದ್ ವಾರ ಇಂಗೇಳಿಲ್ವಲ್ಲಾ," ಎಂದು ಹಿಡಿದುಬಿಡುವಳು. ಪರೀಕ್ಷೆಗಿಂತ ಮೊದಲೇ ಪರೀಕ್ಷೆ ಅದು.

ಹೊಟ್ಟೆಗೂ ಕೊರತೆಯಿರಲಿಲ್ಲ. ಹುರಿದ ಕಡಲೆಕಾಯಿ, ಸುಟ್ಟ ಮರಗೆಣಸು, ಮುದ್ದೆಗೆ ಹುರುಳಿ ಸಾರು, ಎಲ್ಲ ಕಂಬಳಿಗೇ ಬರುತ್ತಿತ್ತು. ಎಲೆಯಲ್ಲಿ ಬಡಿಸುತ್ತಿದ್ದರು, ತೊಳೆಯುವ ಕೆಲಸವೂ ಇಲ್ಲ. ಮಂದೆ ಹತ್ತಿರದ ಹೊಲಗಳಿಗೆ ಬಂದ ವಾರ ನನ್ನ ಗಂಡ ಮನೆಗೆ ಬರುತ್ತಿದ್ದರು. ಮೊದಲ ಸಲ ದೂರ ನಿಂತು ನೋಡಿದರು. ಆಮೇಲೆ ಅತ್ತೆಯ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ, "ಕಂಬಳಿಗೆ ಮೈಲಿಗೆ ಇಲ್ಲ ತಾನೇ ಅವ್ವಾ?" ಎಂದು ಕೇಳಿ, ಬಂದು ಕೂತೇಬಿಟ್ಟರು. ಅತ್ತೆ ಉಣ್ಣೆ ಕಡೆ ನೋಡಿಕೊಂಡು ನೂಲುತ್ತಿದ್ದಳು.

ಎಲ್ಲಕ್ಕಿಂತ ಸೋಜಿಗವೆಂದರೆ ಸಿನಿಮಾ. ನಂಗವಳ್ಳಿಯಲ್ಲಿ ಆಗ ಡೇರೆ ಸಿನಿಮಾ ಇತ್ತು, ನಾವು ಕೊಟ್ಟಾಯಿ ಎನ್ನುತ್ತಿದ್ದೆವು. ನೆಲದ ಮೇಲೆ ಮರಳು, ಮರಳಿನ ಮೇಲೆ ಜನ. ಒಂದು ಶನಿವಾರ ಅತ್ತೆ ಬಂದು, ಸಾಯಂಕಾಲದ ಆಟಕ್ಕೆ ಹೊರಡು ಎಂದಳು. ಅಕ್ಕ, ನಾನು, ಮಗಳು, ಅತ್ತೆ ಎಲ್ಲರೂ ಮರಳು ಗುಡ್ಡೆ ಮಾಡಿಕೊಂಡು ಒತ್ತಾಗಿ ಕೂತೆವು. ಅಕ್ಕನ ಮೊಣಕಾಲು ನನ್ನ ಮೊಣಕಾಲಿಗೆ ತಗುಲಿತ್ತು. ನನಗೆ ಸುಮ್ಮನಿರಲಾಗಲಿಲ್ಲ.

"ಅಟ್ಟಿಲಿ ತೀಟ್ಟು, ಕೊಟ್ಟಾಯಲ್ಲಿ ಇಲ್ವಾ ಅತ್ತೆ?"

"ಮರಳಿಗೆ ಎಂತಾ ತೀಟ್ಟು? ಬಾಯ್ ಮುಚ್ಕಂಡ್ ನೋಡು, ಈರೋ ಬಂದ."

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕೆಮ್ಮು ಅಂದುಕೊಂಡೆ.

ವರ್ಷದ ಪರೀಕ್ಷೆ ಬಂತು. ಬರೆಯುವುದು ಹೇಗೋ ಮುಗಿಯಿತು. ಬಾಯಿ ಪರೀಕ್ಷೆಗೆ ಹೊರಗಿನಿಂದ ಒಬ್ಬ ದೊಡ್ಡ ಡಾಕ್ಟರಮ್ಮ ಬಂದಿದ್ದರು. ಹೆರಿಗೆಯಾದ ಮೇಲೆ ರಕ್ತ ನಿಲ್ಲದಿದ್ದರೆ ಮೊದಲು ಏನು ಮಾಡುತ್ತೀ ಎಂದು ಕೇಳಿದರು. ನನ್ನ ಕಿವಿಗೆ ಅತ್ತೆಯೇ ಕೇಳಿದ ಹಾಗಾಯಿತು. ಉತ್ತರ ನಾಲಿಗೆಯ ತುದಿಯವರೆಗೆ ನಮ್ಮ ಮನೆಮಾತಿನಲ್ಲೇ ಬಂತು. ಅಲ್ಲಿ ಹಿಡಿದು ನಿಲ್ಲಿಸಿ, ತಮಿಳಿಗೆ ತಿರುಗಿಸಿ ಹೇಳಿದೆ. ಅಡ್ಡ ನಿಂತ ಕೂಸು ಕೇಳಿದರು, ಹೇಳಿದೆ. ಬೀಳದ ಮಾಸು ಕೇಳಿದರು, ಹೇಳಿದೆ. ನಮ್ಮ ಸಿಸ್ಟರು ಪಕ್ಕದಲ್ಲಿ ನಿಂತು, ತಮ್ಮ ಕುರಿ ಸಂತೆಯಲ್ಲಿ ಒಳ್ಳೆ ಬೆಲೆಗೆ ಹೋದವರ ಹಾಗೆ ಮುಖ ಅರಳಿಸಿಕೊಂಡಿದ್ದರು. ಪಾಸಾದೆ. ಬರಿ ಪಾಸಲ್ಲ, ಒಳ್ಳೆ ಮಾರ್ಕಿನಲ್ಲಿ ಪಾಸಾದೆ.

ಆ ಶನಿವಾರ ಸಿಹಿ ಕಟ್ಟಿಸಿಕೊಂಡು ಬಂದೆ. ಇನ್ನಾದರೂ ಒಳಗೆ ಕರೆಯುತ್ತಾಳೆ ಎಂದುಕೊಂಡಿದ್ದೆ. ಅತ್ತೆ ಸಿಹಿ ತಿಂದಳು, ಮಗಳಿಗೆ ತಿನ್ನಿಸಿದಳು, ಆಮೇಲೆ ಕಂಬಳಿ ಹಾಸಿದಳು. "ಇನ್ನೊಂದ್ ವರ್ಸ ಐತಲ್ಲ," ಎಂದಳು. ನನಗೆ ಮತ್ತೆ ರೇಗಿತು. ಓದಿಗೂ ಮೈಲಿಗೆಗೂ ಏನು ಸಂಬಂಧ ಅಂತ ನಾನಾಗ ಯೋಚಿಸಲಿಲ್ಲ. ಸಿಟ್ಟು ಬಂದಾಗ ಯೋಚಿಸುವವಳಾಗಿದ್ದರೆ ನನ್ನ ಬಾಳಿನಲ್ಲಿ ಎಷ್ಟೋ ಜಗಳ ಉಳಿಯುತ್ತಿತ್ತು.

ಮಾರನೆಯ ದಿನ ಸಾಯಂಕಾಲ ಸೇಲಂ ಬಸ್ಸಿಗೆ ಕಾಯುತ್ತಿದ್ದಾಗ ನಮ್ಮ ಗುಡಿಯ ಪೂಜಾರಿ ತಾತ ರಸ್ತೆ ಬದಿಯ ಕಲ್ಲಿನ ಮೇಲೆ ಕೂತಿದ್ದರು. ನಮ್ಮವರಿಗೆ ಮಡಿ ಮೈಲಿಗೆಯ ಮಾತಿಗೆಲ್ಲ ಅವರೇ ಹೈಕೋರ್ಟು. ನಾನು ಹೋಗಿ ನಿಂತು, ಇದೆಂಥ ನ್ಯಾಯ ತಾತ, ಹೆರಿಗೆ ಮಾಡಿಸುವುದು ಪಾಪವಾ, ವಾರವೆಲ್ಲ ಹೊರಗಿಡುವ ಈ ಕಟ್ಟಳೆಯನ್ನು ಯಾರು ಮಾಡಿದರು ಎಂದು ಒಂದೇ ಉಸಿರಿಗೆ ಕೇಳಿದೆ.

ತಾತ ಹೊಗೆಸೊಪ್ಪು ಉಗಿದು, ನಿಧಾನವಾಗಿ ನಕ್ಕರು.

"ವಾರ ಯಾರ್ ಹೇಳಿದ್ದು? ನಮ್ಮಲ್ಲಿ ತಲೆಗ್ ನೀರ್ ಉಯ್ಕಂಡ್ರೆ ಮುಗೀತು. ನಿಮ್ಮತ್ತೆ ಬಂದ್ಲು ಕೇಳಕ್ಕೆ. ಇಷ್ಟೇ ಅಂತ ನಾನ್ ಹೇಳ್ದೆ. 'ಅಷ್ಟೇನಾ? ಸಾಲ್ದು ಪೂಜಾರಪ್ಪ, ಇನ್ನೂ ಗಟ್ಟಿಯಾದ್ದು ಬೇಕು' ಅಂದ್ಲು."

"ಗಟ್ಟಿಯಾದ್ದಾ?"

"ಊಂ. 'ಸೊಸೆ ಓದ್ಬೇಕು, ನಿದ್ದೆ ಮಾಡ್ಬೇಕು. ಸುಮ್ಕೆ ಕುಂತ್ಕ ಅಂದ್ರೆ ದೊಡ್ಡೋಳ್ ಕೇಳ್ತಾಳಾ? ಇವಳೇ ಕೇಳ್ತಾಳಾ? ಅಟ್ಟಿಲಿ ಜಗಳ ಆಯ್ತದೆ. ದೇವ್ರ್ ಮಾತಾದ್ರೆ ಯಾರೂ ಎದ್ರಾಡಲ್ಲ. ನೀನ್ ಸುಮ್ಕಿರು ಸಾಕು' ಅಂದ್ಲು. ನಾನ್ ಸುಮ್ಕಿದ್ದೆ. ಈಗ ನೀನೂ ಸುಮ್ಕಿರು."

ಅಷ್ಟರಲ್ಲಿ ಬಸ್ ಬಂತು. ಸೀಟು ಸಿಕ್ಕಿತ್ತೋ ನಿಂತೇ ಹೋದೆನೋ ನೆನಪಿಲ್ಲ. ನನ್ನ ಹೆತ್ತ ತಾಯಿ ಕೂಡ ಕೆಲಸದಿಂದ ನನ್ನನ್ನು ಹೀಗೆ ಕಾಪಾಡಿದವಳಲ್ಲ. ಊರಿನ ಬಾಯಲ್ಲಿ ಸೊಸೆಯನ್ನು ಹೊರಗೆ ಕೂರಿಸುವ ಕೆಟ್ಟ ಅತ್ತೆ ಅನ್ನಿಸಿಕೊಂಡಳು, ನನ್ನ ಬೈಗುಳ ತಿಂದಳು, ಆದರೆ ನನಗೆ ಬೇಕಾಗಿದ್ದ ಒಂದು ದಿನವನ್ನು ಯಾರಿಗೂ ಮುಟ್ಟಲು ಬಿಡಲಿಲ್ಲ. ಬಸ್ಸಿನಲ್ಲಿ ಅತ್ತುಬಿಟ್ಟೆ. ಈ ಸಲ ಕಂಡಕ್ಟರು ಏನೂ ಕೇಳಲಿಲ್ಲ.

ಅತ್ತೆಗೆ ನಾನು ಏನೂ ಹೇಳಲಿಲ್ಲ. ಥ್ಯಾಂಕ್ಸ್ ಎನ್ನುವ ಮಾತು ನಮ್ಮ ಮನೆಯಲ್ಲಿರಲಿಲ್ಲ, ಇದ್ದಿದ್ದರೂ ಅವಳು ಅದನ್ನು ನಾಯಿಗೆ ಹಾಕುತ್ತಿದ್ದಳು. ಆದರೆ ಗೊತ್ತಾದ ಮೇಲೆ ಸುಮ್ಮನೆ ಕೂರುವುದು ಕಷ್ಟವಾಯಿತು. ಕಂಬಳಿಯ ಮೇಲೆ ಕೂತು ಅಕ್ಕ ಬಾವಿಗೂ ಮನೆಗೂ ತಿರುಗುವುದನ್ನು ನೋಡಿದಾಗಲೆಲ್ಲ ಎದೆಯಲ್ಲಿ ಮುಳ್ಳು ಆಡಿದ ಹಾಗಾಗುತ್ತಿತ್ತು. ಒಂದು ಭಾನುವಾರ ತಡೆಯಲಾರದೆ, ಅತ್ತೆ ಹಿತ್ತಲಿನಲ್ಲಿರುವಾಗ ಎದ್ದುಹೋಗಿ ಅಕ್ಕನ ತಲೆಯಿಂದ ತುಂಬಿದ ಬಿಂದಿಗೆ ಇಳಿಸಿಕೊಂಡೆ.

ಅತ್ತೆ ಎಲ್ಲಿಂದ ಬಂದಳೋ! "ತೀಟ್ಟು!" ಎಂದು ಕಿರುಚಿ, ಬಿಂದಿಗೆ ಕಿತ್ತುಕೊಂಡು ಅಷ್ಟೂ ನೀರನ್ನು ಬೀದಿಗೆ ಚೆಲ್ಲಿಬಿಟ್ಟಳು. ಬೇಸಿಗೆಯಲ್ಲಿ, ಬಾವಿಯ ತಳ ಕಾಣುವ ಕಾಲದಲ್ಲಿ, ನಮ್ಮ ಊರಿನಲ್ಲಿ ಯಾರೂ ನೀರನ್ನು ಹಾಗೆ ಚೆಲ್ಲುವುದಿಲ್ಲ. ಎದುರು ಮನೆಯವರು ಹೊರಗೆ ಬಂದು ನೋಡಿದರು. ಅಕ್ಕ ಒದ್ದೆಯಾದ ನೆಲವನ್ನು ನೋಡಿದಳು, ಅತ್ತೆಯನ್ನು ನೋಡಿದಳು, ನನ್ನನ್ನು ನೋಡಿದಳು. ಅವಳ ಬಾಯಿಂದ ಬೈಗುಳ ಬರುತ್ತದೆಂದು ಕಾದೆ. ಅವಳು ಖಾಲಿ ಬಿಂದಿಗೆ ಎತ್ತಿಕೊಂಡು ಮತ್ತೆ ಬಾವಿಗೆ ಹೋದಳು. ನಾನು ಬಂದು ಕೂತು ಪುಸ್ತಕ ತೆರೆದೆ. ಆ ದಿನ ಓದಿದಷ್ಟು ಗಮನ ಕೊಟ್ಟು ನಾನು ಎಂದೂ ಓದಲಿಲ್ಲ.

ಎರಡನೆಯ ವರ್ಷವೂ ಮುಗಿಯಿತು. ಕೊನೆಯ ಪರೀಕ್ಷೆಯೂ ಆಯಿತು, ರಿಸಲ್ಟೂ ಬಂತು. ಕೆಲಸದ ಆರ್ಡರು ಬರುವ ತನಕ ಮನೆಯಲ್ಲಿರಲೆಂದು ಹಾಸಿಗೆ ಪೆಟ್ಟಿಗೆ ಹೊತ್ತು ಬಂದೆ. ಅಕ್ಕ ಆಗ ತುಂಬಿದ ಬಸುರಿ. ಅಷ್ಟು ವರ್ಷಕ್ಕೆ ನಿಂತ ಮೊದಲ ಬಸಿರು. ಅವಳ ಬಾಯಿಯ ಖಾರವೆಲ್ಲ ಅಡಗಿ, ಭಯ ಮಾತ್ರ ಉಳಿದಿತ್ತು. ನೀನಿರುತ್ತೀಯಾ ಎಂದು ದಿನಾ ಕೇಳುತ್ತಿದ್ದಳು. ಎಲ್ಲಿಗೂ ಹೋಗುವುದಿಲ್ಲ ಎನ್ನುತ್ತಿದ್ದೆ.

ಒಂದು ಬೆಳಿಗ್ಗೆ ನೋವು ಕಾಣಿಸಿಕೊಂಡಿತು. ಒಳಮನೆಗೆ ಚಾಪೆ ಹಾಕಿ ಅವಳನ್ನು ಮಲಗಿಸಿದೆ, ಕೈ ತೊಳೆದೆ, ಮುಟ್ಟಿ ನೋಡಿದೆ. ತಲೆ ಸರಿಯಾಗಿ ಕೆಳಗಿತ್ತು. ಹಾಗೆಂದು ಹೇಳಿದ ಕೂಡಲೇ ಅತ್ತೆ ಬಾಗಿಲ ಬಳಿ ಕುಸಿದು ಕೂತಳು. ಅವಳೂ ಅಷ್ಟು ಹೆದರಿದ್ದಳು ಅಂತ ಆಗಲೇ ನನಗೆ ತಿಳಿದದ್ದು. ಹೊತ್ತು ನೆತ್ತಿಗೆ ಬರುವುದರೊಳಗೆ ಕೂಸು ಬಂತು. ಒಂದು ಗಳಿಗೆ ಅಳಲಿಲ್ಲ. ಬಾಯಿ ಒರೆಸಿ, ಬೆನ್ನು ಉಜ್ಜಿದೆ. ಆಮೇಲೆ ಅಳು ಬಂತು, ಥೇಟು ಅವರಮ್ಮನ ದನಿ. ಮಾಸು ಪೂರ್ತಿ ಬಿತ್ತು, ರಕ್ತ ಹಿಡಿತಕ್ಕೆ ಬಂತು. ಕಂಬಳಿಯ ಮೇಲೆ ಕೇಳಿಸಿಕೊಂಡಿದ್ದ ಒಂದೊಂದು ಪ್ರಶ್ನೆಗೂ ಅಂದು ನನ್ನ ಕೈ ಉತ್ತರ ಹೇಳಿತು.

ಕೂಸನ್ನು ಅಕ್ಕನ ಪಕ್ಕಕ್ಕೆ ಹಾಕಿ, ಗೋಡೆಗೆ ಒರಗಿ ಕೂತೆ. ಮೊಣಕೈವರೆಗೂ ಕೈ ಕೆಂಪಾಗಿತ್ತು, ಸೀರೆ ನೆಂದಿತ್ತು. ಅತ್ತೆ ಒಳಗೆ ಬಂದಳು. ಬಂದವಳು ನೇರ ನನ್ನ ಹತ್ತಿರ ಕೂತು, ಎರಡು ಕೈಯಲ್ಲಿ ನನ್ನ ಮುಖ ಹಿಡಿದು, ತನ್ನ ಸೆರಗಿನಲ್ಲಿ ನನ್ನ ಹಣೆಯ ಬೆವರು ಒರೆಸಿದಳು. ನನ್ನ ಕೆಂಪು ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ತೀಟ್ಟು ಅತ್ತೆ," ಎಂದೆ ನಾನು.

"ಓದು ಮುಗೀತಲ್ಲ ಮಗಾ," ಎಂದಳು ಅವಳು. "ತೀಟ್ಟೂ ಮುಗೀತು."

ಅಷ್ಟರಲ್ಲಿ ಚಾಪೆಯ ಕಡೆಯಿಂದ, ಕಣ್ಣು ಕೂಡ ಬಿಡಲಾರದ ಅಕ್ಕನ ಸೋತ ದನಿ ಬಂತು.

"ಅಂಗಾದ್ರೆ ನಾಳೆಯಿಂದ ನೀರು ಇವಳೇ ತರ್ಲಿ. ಎರಡ್ ವರ್ಸ ನಂಗೇನೂ ಗೊತ್ತಿಲ್ದೆ ನೀರ್ ಒತ್ಕಂಡ್ ಬಂದೆ ಅಂದ್ಕಂಡ್ರಾ ಇಬ್ರೂ?"

ಅತ್ತೆ ತಿರುಗಿ ನೋಡಿದಳು. ನಾನು ಚಾಪೆಯ ಹತ್ತಿರ ಸರಿದು, ಏನಾದರೂ ಹೇಳಬೇಕೆಂದು ಬಾಯಿ ತೆರೆದರೆ ಬಂದದ್ದು ಅಳು. ಅಕ್ಕ ಕಣ್ಣು ಮುಚ್ಚಿಕೊಂಡೇ ನನ್ನ ಕೈ ಹುಡುಕಿ ಹಿಡಿದುಕೊಂಡಳು. "ಅಳ್ಬ್ಯಾಡ ಓಗೇ," ಎಂದಳು, "ಕೂಸು ಎದ್ದೇಳ್ತದೆ."

ಮಾರನೆಯ ದಿನ ಬೆಳಿಗ್ಗೆ ಬಿಂದಿಗೆ ತಗೊಂಡು ಬಾವಿಗೆ ಹೋದೆ. ಅತ್ತೆ ಜಗುಲಿಯಿಂದ ನೋಡುತ್ತಾ ಉಣ್ಣೆ ನೂಲುತ್ತಿದ್ದಳು.